ಸಮಾಧಿ ಅಗೆದರೆ ಮೂಳೆ ಸಿಗುತ್ತದೆ, ಒಲವು ಸಿಗುತ್ತದೆಯೇ?

ಪ್ರಶ್ನೆ: ಇಟಲಿಯಲ್ಲಿ ಕೈ ಕೈ ಹಿಡಿದು ಮಲಗಿದ್ದ ಎರಡು ಅಸ್ಥಿಪಂಜರ ಸಿಕ್ಕವು, ಅವರನ್ನು ಪ್ರೇಮಿಗಳು ಅಂತ ಕರೆದರು, ಆಮೇಲೆ ಇಬ್ಬರೂ ಗಂಡಸರು ಅಂತ ಗೊತ್ತಾಯಿತು ಎಂದು ಓದಿದೆ. ಹಾಗಾದರೆ ಅವರು ಸಲಿಂಗಿಗಳಾಗಿದ್ದರಾ? ಅಷ್ಟು ಹಳೆಯ ಮೂಳೆ ನೋಡಿ ಗಂಡೋ ಹೆಣ್ಣೋ ಹೇಳುವುದು ಹೇಗೆ? ಯಾರು ಯಾರನ್ನು ಪ್ರೀತಿಸಿದ್ದರು ಅಂತಲೂ ಹೇಳಲು ಆಗುತ್ತದಾ? ಇನ್ನೊಂದು ವಿಷಯ. ಟ್ರಾನ್ಸ್‌ಜೆಂಡರ್ ಜನರ ಮಾತು ಬಂದಾಗಲೆಲ್ಲ ನನ್ನ ಸ್ನೇಹಿತನೊಬ್ಬ, ‘ಸಾವಿರ ವರ್ಷ ಬಿಟ್ಟು ಅಗೆದು ನೋಡಿದರೆ ಮೂಳೆ ಗಂಡು ಇಲ್ಲವೇ ಹೆಣ್ಣು ಅಂತಲೇ ಹೇಳುತ್ತದೆ’ ಅನ್ನುತ್ತಾನೆ. ಅದು ನಿಜವಾ?

ಉತ್ತರ: ನೀವು ಓದಿದ್ದು ಮೊಡೆನಾ ನಗರದ ಸಮಾಧಿಯ ಬಗ್ಗೆ. ಅದು ಸಿಕ್ಕಿದ್ದು 2009ರಲ್ಲಿ. ಅಲ್ಲಿದ್ದವರನ್ನು ಹೂಳಿದ್ದು ಕ್ರಿಸ್ತಶಕ 4ರಿಂದ 6ನೇ ಶತಮಾನದ ನಡುವೆ. ಇಬ್ಬರನ್ನೂ ಒಂದೇ ಗುಂಡಿಯಲ್ಲಿ ಪಕ್ಕ ಪಕ್ಕ ಮಲಗಿಸಿ, ಒಬ್ಬರ ಕೈಯೊಳಗೆ ಇನ್ನೊಬ್ಬರ ಕೈ ಇಟ್ಟಿದ್ದರು. ಮೂಳೆಗಳು ಚೆನ್ನಾಗಿ ಉಳಿದಿರಲಿಲ್ಲ. ಗಂಡೋ ಹೆಣ್ಣೋ ಹೇಳುವುದು ಕಷ್ಟವಿತ್ತು. ಆದರೂ ‘ಮೊಡೆನಾದ ಪ್ರೇಮಿಗಳು’ ಅನ್ನುವ ಹೆಸರು ಬಿತ್ತು, ಒಂದು ಗಂಡು ಒಂದು ಹೆಣ್ಣು ಅಂತ ಜನ ಒಪ್ಪಿಕೊಂಡೂ ಬಿಟ್ಟರು.

2019ರಲ್ಲಿ ಹಲ್ಲಿನ ಮೇಲ್ಪದರ ಪರೀಕ್ಷಿಸಿದಾಗ ಇಬ್ಬರೂ ಗಂಡಸರು ಅಂತ ತಿಳಿಯಿತು. ಅದೇ ವರದಿಯಲ್ಲಿ ಸಂಶೋಧಕರು ಇವರು ಅಣ್ಣತಮ್ಮಂದಿರೋ, ನೆಂಟರೋ, ಜೊತೆಯಲ್ಲಿ ಸತ್ತ ಸೈನಿಕರೋ ಇರಬಹುದು ಅಂದರು. ಆ ಕಾಲದ ಕ್ರೈಸ್ತ ಸಮಾಜದಲ್ಲಿ ಇಬ್ಬರು ಗಂಡಸರ ಪ್ರೇಮವನ್ನು ಹೀಗೆ ಬಹಿರಂಗವಾಗಿ ತೋರಿಸಿ ಹೂಳಿರುವುದು ಅನುಮಾನ ಎಂದೂ ಬರೆದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಬದಲಾಗಿದ್ದು ಏನು? ಗುಂಡಿ ಅದೇ, ಮೂಳೆ ಅದೇ, ಹಿಡಿದ ಕೈಯೂ ಅದೇ. ಒಬ್ಬ ಹೆಣ್ಣು ಅಂದುಕೊಂಡಿದ್ದಾಗ ಕೈ ಹಿಡಿದದ್ದೇ ಪ್ರೀತಿಗೆ ಸಾಕ್ಷಿಯಾಗಿತ್ತು. ಇಬ್ಬರೂ ಗಂಡು ಅಂದ ಕೂಡಲೇ ಅದೇ ಕೈ ಸಾಕ್ಷಿಯಾಗಿ ಉಳಿಯಲಿಲ್ಲ. ಅಣ್ಣತಮ್ಮಂದಿರು ಇರಬಹುದು ಅನ್ನುವ ಮಾತು ಪೂರ್ತಿ ಸರಿ. ಆದರೆ ಮೊದಲೂ ‘ಅಕ್ಕ ತಮ್ಮ ಇರಬಹುದಲ್ವಾ?’ ಅಂತ ಕೇಳಬಹುದಿತ್ತು. ಆ ಪ್ರಶ್ನೆ ತಲೆಬರಹಕ್ಕೆ ಬರಲೇ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುತ್ತೇವಲ್ಲ, ಹಳೆಯ ಮೂಳೆ, ಸಮಾಧಿ ಓದುವ ನಮ್ಮ ವಿಷಯದಲ್ಲಿ ಜಾಸ್ತಿ ಆಗುವ ತಪ್ಪು ಅದೇ. ಇಬ್ಬರು ಗಂಡಸರನ್ನು ಪ್ರೇಮಿಗಳು ಅನ್ನಲು ಎಷ್ಟು ಸಾಕ್ಷಿ ಕೇಳುತ್ತೇವೋ, ಗಂಡು ಹೆಣ್ಣನ್ನು ದಂಪತಿ ಅನ್ನಲೂ ಅಷ್ಟೇ ಕೇಳಬೇಕು. ಈ ಒಂದು ಮಾತಿಗೆ ನಾನು ಗಟ್ಟಿಯಾಗಿ ಅಂಟಿಕೊಂಡಿದ್ದೇನೆ. ಮುಂದೆ ಹೇಳುವುದೆಲ್ಲ ಅದರ ಸುತ್ತಲೇ.

ಮೊದಲು ಮೂಳೆಯ ಕೆಲಸ. ನಾನು ಅಸ್ಥಿಪಂಜರ ಕೈಗೆ ಸಿಕ್ಕಾಗ ಮೊದಲು ಹುಡುಕುವುದು ಸೊಂಟದ ಮೂಳೆಯನ್ನು. ಅದರ ಹಿಂಭಾಗದಲ್ಲಿ ಒಂದು ದೊಡ್ಡ ಕಚ್ಚು ಇರುತ್ತದೆ. ಕಾಲಿಗೆ ಇಳಿಯುವ ದಪ್ಪ ನರ ಹಾದುಹೋಗುವ ಜಾಗ ಅದು. ಹೊಸಬರಿಗೆ ಹೇಳಿಕೊಡುವಾಗ ಅಲ್ಲಿ ಹೆಬ್ಬೆರಳು ಇಡಿ ಅನ್ನುತ್ತೇವೆ. ಬೆರಳು ಅತ್ತಿತ್ತ ಆಡಿಸಲು ಜಾಗ ಇದ್ದರೆ ಹೆಣ್ಣಿನ ಕಡೆಗೆ, ಬೆರಳು ಬಿಗಿಯಾಗಿ ಕೂತರೆ ಗಂಡಿನ ಕಡೆಗೆ. ಆಮೇಲೆ ಮೂಳೆಯನ್ನು ತಿರುಗಿಸಿ ಮುಂಭಾಗ ನೋಡುತ್ತೇವೆ. ಎರಡು ಮೂಳೆಗಳು ಎದುರುಬದುರು ಸೇರುವಲ್ಲಿ ಕೆಳಗೆ ಮೂಡುವ ಕೋನ ಅಗಲವಾ, ಕಿರಿದಾ? ಅಂಚಿನಲ್ಲಿ ಸಣ್ಣ ಏಣು ಇದೆಯಾ? ಮಗು ಹೆರಲು ಬೇಕಾದ ಅಗಲ ಈ ಜಾಗದಲ್ಲಿ ಗುರುತು ಬಿಟ್ಟಿರುತ್ತದೆ. ಈ ಭಾಗ ಚೆನ್ನಾಗಿ ಉಳಿದಿದ್ದರೆ ಅನುಭವ ಇರುವವರು ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಲ ಸರಿ ಹೇಳುತ್ತಾರೆ.

ಆದರೆ ಮಣ್ಣು ಮೊದಲು ತಿನ್ನುವುದೂ ಈ ಮುಂಭಾಗದ ತೆಳು ಮೂಳೆಯನ್ನೇ. ಆಗ ಉಳಿಯುವುದು ತಲೆಬುರುಡೆ. ಹುಬ್ಬಿನ ಮೇಲಿನ ಉಬ್ಬು, ಕಿವಿಯ ಹಿಂದಿನ ಗುಬುಟು, ಗಲ್ಲ, ಹಿಂದಲೆಯ ಏಣು. ಇವು ಅಷ್ಟು ನಂಬಿಕೆಯವಲ್ಲ. ವಯಸ್ಸಾದ ಹೆಂಗಸಿನ ಬುರುಡೆ ಒರಟಾಗಬಹುದು, 20 ವರ್ಷದ ಹುಡುಗನ ಬುರುಡೆ ನಯವಾಗಿರಬಹುದು. ಒಂದೊಂದು ಗುರುತಿಗೂ ನಾವು 1ರಿಂದ 5ರವರೆಗೆ ಅಂಕ ಹಾಕುತ್ತೇವೆ. 1 ಅಂದರೆ ಸ್ಪಷ್ಟ ಹೆಣ್ಣು, 5 ಅಂದರೆ ಸ್ಪಷ್ಟ ಗಂಡು. 3 ಬಂದರೆ? ಹೇಳಲಾಗದು ಅಂತ ಬರೆಯಬೇಕು. ಬರೆಯಲು ಮನಸ್ಸು ಬರುವುದಿಲ್ಲ, ಆದರೂ ಬರೆಯಬೇಕು. ಮಕ್ಕಳ ಮೂಳೆ ನೋಡಿ ಹೇಳುವುದಂತೂ ಆಗದ ಮಾತು, ಏಕೆಂದರೆ ಈ ವ್ಯತ್ಯಾಸ ಮೂಡುವುದೇ ಹರೆಯ ಬಂದ ಮೇಲೆ.

ಇನ್ನೊಂದು ಎಚ್ಚರಿಕೆ. 1972ರಲ್ಲಿ ಕೆನೆತ್ ವೈಸ್ ಅನ್ನುವ ಮಾನವಶಾಸ್ತ್ರಜ್ಞ ಹಳೆಯ ಅಸ್ಥಿಪಂಜರಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಗಂಡು ಅಂತ ಗುರುತಿಸಿದವರ ಸಂಖ್ಯೆ ಸುಮಾರು 12 ಶೇಕಡಾದಷ್ಟು ಜಾಸ್ತಿ ಬಂತು. ನಿಜವಾಗಿ ಅಷ್ಟು ಗಂಡಸರು ಇದ್ದರು ಅಂತಲ್ಲ. ಅನುಮಾನ ಇದ್ದಾಗ, ಮೂಳೆ ಸ್ವಲ್ಪ ದಪ್ಪ ಕಂಡರೂ ನೋಡುವವರ ಕೈ ‘ಗಂಡು’ ಅಂತ ಬರೆಯುತ್ತಿತ್ತು.

ಈಗ ಎರಡು ಹೊಸ ದಾರಿ ಇವೆ. ಒಂದು ಡಿಎನ್‌ಎ. ಮೂಳೆಯಿಂದಲೋ ಹಲ್ಲಿನಿಂದಲೋ ತೆಗೆದ ಚೂರುಗಳಲ್ಲಿ ಎಕ್ಸ್ ವರ್ಣತಂತುವಿನವು ಎಷ್ಟು, ವೈ ವರ್ಣತಂತುವಿನವು ಎಷ್ಟು ಅಂತ ಎಣಿಸುವುದು. ಸಾಮಾನ್ಯವಾಗಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಇನ್ನೊಂದು, ಮೊಡೆನಾದಲ್ಲಿ ಮಾಡಿದ ಹಲ್ಲಿನ ಪರೀಕ್ಷೆ. ಹಲ್ಲಿನ ಗಟ್ಟಿ ಮೇಲ್ಪದರ ಬೆಳೆಯುವಾಗ ಅಮೆಲೊಜೆನಿನ್ ಅನ್ನುವ ಪ್ರೋಟೀನ್ ಬೇಕು. ಅದರ ಒಂದು ರೂಪ ಎಕ್ಸ್ ವರ್ಣತಂತುವಿನಿಂದ ಬರುತ್ತದೆ, ಇನ್ನೊಂದು ವೈ ವರ್ಣತಂತುವಿನಿಂದ. ವೈ ರೂಪದ ತುಣುಕು ಸಿಕ್ಕರೆ ಗಂಡು ಅಂತ ಖಚಿತ. ಸಿಗದಿದ್ದರೆ ಹೆಣ್ಣಿರಬಹುದು, ಅಥವಾ ಆ ತುಣುಕು ಉಳಿದಿರಲಿಕ್ಕಿಲ್ಲ, ಅದಕ್ಕೇ ಅಲ್ಲಿ ಲೆಕ್ಕಾಚಾರ ಬೇಕಾಗುತ್ತದೆ. ಡಿಎನ್‌ಎ ಕರಗಿಹೋದ ಬಿಸಿ ನಾಡುಗಳಲ್ಲೂ ಹಲ್ಲು ಮಾತಾಡುತ್ತದೆ, ಮಕ್ಕಳ ಹಲ್ಲೂ ಮಾತಾಡುತ್ತದೆ. ಸ್ಪೇನಿನ ವಾಲೆನ್ಸಿನಾದಲ್ಲಿ 2008ರಲ್ಲಿ ಒಂದು ಶ್ರೀಮಂತ ಸಮಾಧಿ ಸಿಕ್ಕಿತ್ತು. ಅದು ಸುಮಾರು 5,000 ವರ್ಷ ಹಳೆಯದು. ಜೊತೆಯಲ್ಲಿ ಆನೆಯ ಇಡೀ ದಂತ ಇತ್ತು. ಅಲ್ಲಿದ್ದವರನ್ನು ‘ದಂತದ ಮನುಷ್ಯ’ ಅಂತ ಗಂಡಸಾಗಿ ಕರೆಯುತ್ತಿದ್ದರು. 2023ರಲ್ಲಿ ಹಲ್ಲು ನೋಡಿದರೆ ಹೆಣ್ಣು.

ಇಷ್ಟೂ ದೇಹದ ಲಿಂಗದ ಮಾತು. ಲಿಂಗತ್ವ ಬೇರೆ. ಒಂದು ಸಮಾಜ ಒಬ್ಬರನ್ನು ಗಂಡಸು, ಹೆಂಗಸು, ಅಥವಾ ಇನ್ನೇನೋ ಅಂತ ನೋಡುವ ಬಗೆ ಅದು. ಅದು ಮೂಳೆಯಲ್ಲಿ ಇರುವುದಿಲ್ಲ. ಸಮಾಧಿಯಲ್ಲಿ ಏನಿಟ್ಟರು, ಹೇಗೆ ಮಲಗಿಸಿದರು, ಏನು ತೊಡಿಸಿದರು ಅನ್ನುವುದರಲ್ಲಿ ಅದರ ಸುಳಿವು ಸಿಗಬಹುದು. ಆದರೆ ಸತ್ತವರು ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುವುದಿಲ್ಲ. ಸಮಾಧಿ ಅಂದರೆ ಉಳಿದವರು ಮಾಡಿದ ಕೆಲಸ. ಅಲ್ಲಿ ಕಾಣುವುದು ಸತ್ತವರ ಬಗ್ಗೆ ಉಳಿದವರಿಗೆ ಇದ್ದ ಭಾವನೆ, ಅಥವಾ ಅವರು ಊರಿಗೆ ತೋರಿಸಲು ಬಯಸಿದ್ದು.

ಈ ಸುಳಿವುಗಳನ್ನು ಓದುವಾಗ ಎಡವುವುದು ಹಳೆಯ ಕಥೆ. 1823ರಲ್ಲಿ ವಿಲಿಯಂ ಬಕ್‌ಲ್ಯಾಂಡ್ ಅನ್ನುವ ಭೂವಿಜ್ಞಾನಿ ವೇಲ್ಸ್‌ನ ಪಾವಿಲ್ಯಾಂಡ್ ಗುಹೆಯಲ್ಲಿ ಕೆಂಪು ಕಾವಿಮಣ್ಣು ಬಳಿದ ಅಸ್ಥಿಪಂಜರ ತೆಗೆದರು. ದಂತದ ಕಡ್ಡಿಗಳಿದ್ದವು, ಚಿಪ್ಪುಗಳಿದ್ದವು. ಅಲಂಕಾರ ಇದೆ, ಹಾಗಾದರೆ ಹೆಣ್ಣು, ಅದೂ ರೋಮನ್ನರ ಕಾಲದವಳು ಅಂತ ತೀರ್ಮಾನಿಸಿದರು. ‘ಪಾವಿಲ್ಯಾಂಡಿನ ಕೆಂಪು ಮಹಿಳೆ’ ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಆ ಮೂಳೆಗಳು ಸುಮಾರು 33,000 ವರ್ಷ ಹಿಂದಿನ ಒಬ್ಬ ಯುವಕನವು.

ಇದರ ತಿರುವುಮುರುವು ಕಥೆ ಸ್ವೀಡನ್‌ನದು. ಬಿರ್ಕಾ ಅನ್ನುವುದು ವೈಕಿಂಗರ ಕಾಲದ ವ್ಯಾಪಾರದ ಊರು. 1878ರಲ್ಲಿ ಯಾಲ್ಮಾರ್ ಸ್ಟೋಲ್ಪೆ ಅಲ್ಲಿ ಒಂದು ಗುಂಡಿ ತೆರೆದರು. ಅದಕ್ಕೆ ಬಿಜೆ 581 ಅಂತ ಸಂಖ್ಯೆ. 10ನೇ ಶತಮಾನದ್ದು. ಒಳಗೆ ಕತ್ತಿ, ಕೊಡಲಿ, ಈಟಿ, ಯುದ್ಧದ ಚಾಕು, ಕವಚ ಸೀಳುವ ಬಾಣ, ಎರಡು ಗುರಾಣಿ, ಎರಡು ಕುದುರೆ, ಆಟದ ಕಾಯಿಗಳು. ಒಂದೂ ಕಡಿಮೆ ಇಲ್ಲ. ಇವನು ದೊಡ್ಡ ಯೋಧ ಅಂದರು. ಮುಂದಿನ ನೂರು ವರ್ಷ ವೈಕಿಂಗ್ ಯೋಧ ಅಂದರೆ ಹೀಗಿರುತ್ತಾನೆ ಅನ್ನಲು ಇದೇ ಸಮಾಧಿಯನ್ನು ತೋರಿಸುತ್ತಿದ್ದರು. 1970ರ ದಶಕದಲ್ಲೇ ಮೂಳೆ ನೋಡಿದವರು ಇದು ಹೆಣ್ಣಿನಂತಿದೆ ಅಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2017ರಲ್ಲಿ ಶಾರ್ಲೊಟ್ ಹೆಡೆನ್‌ಸ್ಟಿಯರ್ನಾ ಯಾನ್ಸನ್ ಮತ್ತು ಜೊತೆಗಾರರು ಹಲ್ಲು ಮತ್ತು ತೋಳಿನ ಮೂಳೆಯಿಂದ ಡಿಎನ್‌ಎ ತೆಗೆದರು. ಎರಡು ಎಕ್ಸ್. ವೈ ಇಲ್ಲ.

ಆಮೇಲೆ ಎದ್ದ ಪ್ರಶ್ನೆಗಳನ್ನು ನೋಡಿ. ಮೂಳೆ ಅದಲುಬದಲಾಗಿರಬಹುದಾ? ಗುಂಡಿಯಲ್ಲಿ ಇನ್ನೊಬ್ಬ ಗಂಡಸು ಇದ್ದು ಅವನ ಮೂಳೆ ಕಳೆದುಹೋಗಿರಬಹುದಾ? ಆಯುಧ ಇದ್ದ ಮಾತ್ರಕ್ಕೆ ಅವಳು ಯುದ್ಧ ಮಾಡಿದ್ದಳು ಅನ್ನುವುದು ಹೇಗೆ? ಅವು ಮನೆತನದ ಗುರುತಿರಬಹುದಲ್ಲ? ಒಂದೊಂದೂ ಒಳ್ಳೆಯ ಪ್ರಶ್ನೆ. ನಾನೂ ಅವನ್ನು ಕೇಳುತ್ತೇನೆ. ಸಂಶೋಧಕರು 2019ರಲ್ಲಿ ಇನ್ನೊಂದು ದೀರ್ಘ ಲೇಖನ ಬರೆದು ಉತ್ತರ ಕೊಟ್ಟರು. ಆ ಗುಂಡಿಯಲ್ಲಿ ಎರಡನೆಯ ವ್ಯಕ್ತಿ ಇದ್ದದ್ದಕ್ಕೆ ಕುರುಹಿಲ್ಲ ಅಂತ ತೋರಿಸಿದರು. ನನಗೆ ಬೇಸರ ಆಗುವುದು ಬೇರೆ ಕಾರಣಕ್ಕೆ. ಗಂಡು ಅಂದುಕೊಂಡಿದ್ದ 100 ವರ್ಷದಲ್ಲಿ ‘ಆಯುಧ ಇದ್ದ ಮಾತ್ರಕ್ಕೆ ಯೋಧನಾ?’ ಅನ್ನುವ ಪ್ರಶ್ನೆ ಇಷ್ಟು ಜೋರಾಗಿ ಏಳಲಿಲ್ಲ. ಆಯುಧದ ಜೊತೆ ಹೂತ ಎಷ್ಟೋ ಗಂಡಸರ ಮೂಳೆಯಲ್ಲೂ ಗಾಯದ ಗುರುತಿಲ್ಲ. ಅವರನ್ನು ಯೋಧರು ಅನ್ನುವುದಾದರೆ ಇವಳನ್ನೂ ಅನ್ನಬೇಕು. ಇವಳನ್ನು ಅನ್ನಬಾರದು ಅಂದರೆ ಅವರನ್ನೂ ಅನ್ನಬಾರದು.

‘ಇವಳು’ ಅಂತ ಬರೆದೆ. ಅದೂ ನನ್ನ ಆಯ್ಕೆಯೇ. ಎರಡು ಎಕ್ಸ್ ಇರುವ ವ್ಯಕ್ತಿ ಅಷ್ಟು ಆಯುಧಗಳ ಜೊತೆ ಮಣ್ಣಾದರೆ, ಆಕೆ ಹೆಂಗಸಾಗಿಯೇ ಯೋಧಳಾಗಿದ್ದಿರಬಹುದು. ಅಥವಾ ಗಂಡಸಾಗಿ ಬದುಕಿದ್ದವರೂ ಇರಬಹುದು. ಅಥವಾ ಆ ಜನ ನಮ್ಮ ಹಾಗೆ ಗಂಡು, ಹೆಣ್ಣು ಅಂತ ಎರಡೇ ಮನೆ ಕಟ್ಟಿಕೊಂಡಿರಲಿಲ್ಲವೇನೋ. 2019ರ ಲೇಖನ ಈ ಎಲ್ಲ ಸಾಧ್ಯತೆಗಳನ್ನೂ ಮುಚ್ಚುಮರೆ ಇಲ್ಲದೆ ಚರ್ಚಿಸಿದೆ. ಹೀಗೆ ಬಾಗಿಲು ತೆರೆದಿಡುವುದನ್ನು ಕೆಲವರು ತಪ್ಪಿಸಿಕೊಳ್ಳುವುದು ಅಂದುಕೊಳ್ಳುತ್ತಾರೆ. ಅಲ್ಲ, ಸಾಕ್ಷಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲುವುದು ಅದು.

ನಿಲ್ಲದೆ ಮುಂದೆ ಓಡಿದರೆ ಏನಾಗುತ್ತದೆ ಅನ್ನುವುದಕ್ಕೆ ಚೆಕ್ ದೇಶದ ಪ್ರಾಗ್ ನಗರದ ಉದಾಹರಣೆ ಇದೆ. 2011ರಲ್ಲಿ ಅಲ್ಲಿ ಸಿಕ್ಕ ಒಂದು ಸಮಾಧಿಯ ಬಗ್ಗೆ ಪುರಾತತ್ವಜ್ಞರು ಪತ್ರಿಕಾಗೋಷ್ಠಿ ನಡೆಸಿದ ಮರುದಿನ ಲೋಕದ ಪತ್ರಿಕೆಗಳಲ್ಲೆಲ್ಲ ‘ಮೊದಲ ಸಲಿಂಗಿ ಗುಹಾಮಾನವ’ ಅನ್ನುವ ಸುದ್ದಿ ಬಂತು. ಗುಹೆ ಎಲ್ಲೂ ಇರಲಿಲ್ಲ. ಅದು ಕ್ರಿಸ್ತಪೂರ್ವ 2900ರಿಂದ 2500ರ ನಡುವಿನ ಸಮಾಧಿ. ಬೇಸಾಯ, ಪಶುಪಾಲನೆ ಗೊತ್ತಿದ್ದ ಜನ. ಮಡಕೆಯ ಮೇಲೆ ಹಗ್ಗ ಒತ್ತಿ ಚಿತ್ತಾರ ಮಾಡುತ್ತಿದ್ದ ಸಂಸ್ಕೃತಿಯವರು. ಅವರಲ್ಲಿ ಗಂಡಸರನ್ನು ಬಲಮಗ್ಗುಲಲ್ಲಿ ತಲೆ ಪಶ್ಚಿಮಕ್ಕೆ ಮಾಡಿ, ಹೆಂಗಸರನ್ನು ಎಡಮಗ್ಗುಲಲ್ಲಿ ತಲೆ ಪೂರ್ವಕ್ಕೆ ಮಾಡಿ ಮಲಗಿಸುವ ರೂಢಿ. ಈ ಅಸ್ಥಿಪಂಜರ ಗಂಡಸಿನದು, ಆದರೆ ಎಡಮಗ್ಗುಲು, ತಲೆ ಪೂರ್ವಕ್ಕೆ. ಆಯುಧ ಇಲ್ಲ, ಮಡಕೆಗಳಿವೆ.

ಇದು ನಿಜವಾಗಿ ಗಮನ ಕೊಡಬೇಕಾದ ಸಮಾಧಿ. ಹೂಳಿದವರು ತಿಳಿದೇ ಹೀಗೆ ಮಾಡಿದ್ದರೆ, ಆ ವ್ಯಕ್ತಿ ಊರಲ್ಲಿ ಹೆಂಗಸಾಗಿ ಅಥವಾ ಬೇರೆ ಒಂದು ಲಿಂಗತ್ವದವರಾಗಿ ಬದುಕಿದ್ದಿರಬಹುದು. ಆದರೆ ಯಾರ ಜೊತೆ ಮಲಗುತ್ತಿದ್ದರು ಅನ್ನುವುದು ತಲೆ ಯಾವ ದಿಕ್ಕಿಗಿದೆ ಅನ್ನುವುದರಿಂದ ಗೊತ್ತಾಗುವುದಿಲ್ಲ. ಲಿಂಗತ್ವದ ಸುಳಿವನ್ನು ಹಿಡಿದುಕೊಂಡು ಲೈಂಗಿಕತೆಯ ತೀರ್ಪು ಕೊಟ್ಟರು. ಹೆಣ್ಣಿನ ಹಾಗೆ ಬದುಕುವ ಗಂಡಸು ಅಂದರೆ ಸಲಿಂಗಿಯೇ ಅನ್ನುವುದು ಇವತ್ತಿನ ಒಂದು ಪೂರ್ವಗ್ರಹ. ಅದನ್ನು 4,500 ವರ್ಷ ಹಿಂದಕ್ಕೆ ಹೊತ್ತು ಹಾಕಿದರು.

ಆ ‘ರೂಢಿ’ಯನ್ನೂ ಸ್ವಲ್ಪ ತಟ್ಟಿ ನೋಡಬೇಕು. ನಿಯಮ ಮುರಿದ ಸಮಾಧಿ ಅಂತ ಹೇಳುವ ಮುಂಚೆ ನಿಯಮ ಎಷ್ಟು ಗಟ್ಟಿ ಅಂತ ಗೊತ್ತಿರಬೇಕು. ಹಿಂದೆ ಎಷ್ಟೋ ಕಡೆ ಮೂಳೆ ಸರಿಯಾಗಿ ಪರೀಕ್ಷಿಸದೆ, ಕೊಡಲಿ ಇದ್ದವರನ್ನು ಗಂಡು, ಮಣಿ ಇದ್ದವರನ್ನು ಹೆಣ್ಣು ಅಂತ ಬರೆದುಕೊಂಡರು. ಆಮೇಲೆ ಅದೇ ಪಟ್ಟಿ ತೋರಿಸಿ ‘ಗಂಡಸರ ಜೊತೆ ಯಾವಾಗಲೂ ಕೊಡಲಿ ಇರುತ್ತದೆ’ ಅಂದರು. ಉತ್ತರವನ್ನು ಮೊದಲೇ ಒಳಗೆ ಇಟ್ಟು ಹೊರಗೆ ತೆಗೆದಂತೆ ಆಯಿತು. ಇದೇ ಸಂಸ್ಕೃತಿಯ ಇನ್ನೊಂದು ಜಾಗ ಜರ್ಮನಿಯ ಓಯ್ಲೌ. ಸುಮಾರು 4,600 ವರ್ಷದ ಹಿಂದೆ ದಾಳಿಯಲ್ಲಿ ಸತ್ತವರನ್ನು ಅಲ್ಲಿ ಒಟ್ಟೊಟ್ಟಿಗೆ ಹೂತಿದ್ದಾರೆ. ಎಷ್ಟೋ ಜೋಡಿಗಳನ್ನು ಎದುರುಬದುರು ಮುಖ ಮಾಡಿ, ಕೈಗೆ ಕೈ ಸೇರಿಸಿ ಮಲಗಿಸಿದ್ದಾರೆ. ಒಂದು ಗುಂಡಿಯಲ್ಲಿದ್ದ ನಾಲ್ವರು ತಂದೆ, ತಾಯಿ, ಇಬ್ಬರು ಗಂಡುಮಕ್ಕಳು ಅಂತ ಡಿಎನ್‌ಎ 2008ರಲ್ಲಿ ತೋರಿಸಿತು. ಅಲ್ಲಿ ಯಾರು ಯಾರ ಕಡೆ ಮುಖ ಮಾಡಬೇಕು ಅನ್ನುವುದನ್ನು ಬಂಧುತ್ವ ನಿರ್ಧರಿಸಿದೆ. ರೂಢಿ ಮೀರಲು ಜನರಿಗೆ ನೂರು ಕಾರಣ ಇರುತ್ತವೆ, ದುಃಖವೂ ಅದರಲ್ಲಿ ಒಂದು.

ನನ್ನ ಮನಸ್ಸನ್ನು ಜಾಸ್ತಿ ಹಿಡಿದಿರುವ ಸಮಾಧಿ ಯಾವುದು ಅಂತ ಕೇಳಿದರೆ ಡೋಲ್ನಿ ವೆಸ್ಟೊನಿಟ್ಸೆ ಅನ್ನುತ್ತೇನೆ. ಇದೂ ಚೆಕ್ ದೇಶದಲ್ಲೇ. ಅದು ಸಿಕ್ಕಿದ್ದು 1986ರಲ್ಲಿ. ಸುಮಾರು 31,000 ವರ್ಷ ಹಿಂದೆ ಒಂದೇ ಗುಂಡಿಯಲ್ಲಿ ಮಲಗಿಸಿದ ಮೂವರು ಎಳೆ ವಯಸ್ಸಿನವರು. ನಡುವಿನವರು ಬೆನ್ನ ಮೇಲೆ ಮಲಗಿದ್ದಾರೆ. ಅವರ ತೊಡೆಮೂಳೆ ಒಂದು ಗಿಡ್ಡ, ಬೆನ್ನು ಸೊಟ್ಟ, ಅಂದರೆ ಕುಂಟುತ್ತಾ ನಡೆದವರು. ಒಂದು ಬದಿಯವರು ಬೋರಲಾಗಿದ್ದಾರೆ. ಇನ್ನೊಂದು ಬದಿಯವರು ನಡುವಿನವರ ಕಡೆ ತಿರುಗಿ, ಎರಡೂ ಕೈ ಚಾಚಿ ಅವರ ಸೊಂಟದ ಮೇಲೆ ಇಟ್ಟಿದ್ದಾರೆ. ಆ ಜಾಗದಲ್ಲೇ ಕೆಂಪು ಕಾವಿಮಣ್ಣು ಚೆಲ್ಲಿದೆ.

ಇದನ್ನು ನೋಡಿ ಕಥೆ ಕಟ್ಟದೆ ಇರುವುದು ಯಾರಿಗಾದರೂ ಕಷ್ಟ. ಬದಿಯವರಿಬ್ಬರು ಗಂಡು ಅಂತ ಗೊತ್ತಿತ್ತು. ನಡುವಿನವರ ಸೊಂಟದ ಮೂಳೆ ಕಾಯಿಲೆಯಿಂದ ವಿಕಾರವಾಗಿದ್ದರಿಂದ ಲಿಂಗ ಹೇಳಲು ಆಗುತ್ತಿರಲಿಲ್ಲ. ಬಹಳ ಜನ ಹೆಣ್ಣು ಅಂದುಕೊಂಡರು. ಹೆಣ್ಣು ಅಂದ ಮೇಲೆ ಕಥೆ ತಾನಾಗಿ ಬೆಳೆಯಿತು. ಹೆರಿಗೆಯಲ್ಲಿ ಸತ್ತ ತಾಯಿ, ಹೆರಿಗೆ ಮಾಡಿಸಲು ಬಂದವರು. ಅಥವಾ ಒಬ್ಬ ಹೆಣ್ಣಿಗಾಗಿ ಇಬ್ಬರು ಗಂಡಸರು. 2016ರಲ್ಲಿ ಡಿಎನ್‌ಎ ಬಂತು. ಮೂವರೂ ಗಂಡು. ಹೆರಿಗೆ ಹೋಯಿತು, ತ್ರಿಕೋನ ಪ್ರೇಮ ಹೋಯಿತು. ಆದರೆ ಚಾಚಿದ ಕೈ ಎಲ್ಲೂ ಹೋಗಲಿಲ್ಲ. 31,000 ವರ್ಷ ಹಿಂದೆ ಯಾರೋ ಆ ಹುಡುಗನ ಕೈಗಳನ್ನು ತೆಗೆದು ಇನ್ನೊಬ್ಬ ಹುಡುಗನ ಸೊಂಟದ ಮೇಲೆ ಇಟ್ಟರು. ಏಕೆ ಅಂತ ಹೇಳುವ ಸಾಕ್ಷಿ ಆ ಗುಂಡಿಯಲ್ಲಿ ಇಲ್ಲ. ಹಳೆಯ ಕಥೆಯ ಜಾಗದಲ್ಲಿ ಈಗ ಸಲಿಂಗ ಪ್ರೇಮದ ಕಥೆಯನ್ನು ಸುಮ್ನೆ ಕೂರಿಸುವುದೂ ಅದೇ ತಪ್ಪು. ಆದರೆ ‘ಅದೊಂದು ಬಿಟ್ಟು ಬೇರೆ ಏನಾದರೂ ಇರಬಹುದು’ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಹಾಗೆಯೇ ಅಪ್ಪಿಕೊಂಡು ಸಿಕ್ಕವರೆಲ್ಲ ಹೂಳಲ್ಪಟ್ಟವರಲ್ಲ ಅನ್ನುವುದನ್ನೂ ನೆನಪಿಡಿ. ಇರಾನಿನ ಹಸನ್ಲುವಿನಲ್ಲಿ 1972ರಲ್ಲಿ ಸಿಕ್ಕ ‘ಪ್ರೇಮಿಗಳು’ ಕ್ರಿಸ್ತಪೂರ್ವ 800ರ ಸುಮಾರಿಗೆ ಊರಿಗೆ ಬೆಂಕಿ ಬಿದ್ದಾಗ ಒಂದು ತೊಟ್ಟಿಯೊಳಗೆ ಅಡಗಿ ಸತ್ತವರು. ಜ್ವಾಲಾಮುಖಿ ಸಿಡಿದು ಹೂತುಹೋದ ಇಟಲಿಯ ಪೊಂಪೈಯಲ್ಲಿ ಬೂದಿಯ ಕೆಳಗೆ ಅಪ್ಪಿಕೊಂಡು ಸತ್ತ ಇಬ್ಬರನ್ನು ಅಕ್ಕತಂಗಿ ಅಥವಾ ತಾಯಿ ಮಗಳು ಅನ್ನುತ್ತಿದ್ದರು. ಅವರಲ್ಲಿ ಒಬ್ಬರಂತೂ ಗಂಡು. ಅದೇ ಊರಲ್ಲಿ ಚಿನ್ನದ ಕಡಗ ತೊಟ್ಟು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡವರನ್ನು ಎಲ್ಲರೂ ತಾಯಿ ಅಂದರು. 2024ರಲ್ಲಿ ಪ್ರಕಟವಾದ ಡಿಎನ್‌ಎ ಪ್ರಕಾರ ಅದು ಗಂಡಸು, ಆ ಮಗುವಿಗೆ ರಕ್ತಸಂಬಂಧಿಯೂ ಅಲ್ಲ. ಕಡಗ ಮತ್ತು ಮಗು ಕಂಡರೆ ತಾಯಿ! ಸಾವಿನ ಗಳಿಗೆಯಲ್ಲಿ ಯಾರದೋ ಮಗುವನ್ನು ಎತ್ತಿಕೊಂಡ ಆ ಮನುಷ್ಯನನ್ನು ನಾವು ಅಷ್ಟು ವರ್ಷ ನೋಡಲೇ ಇಲ್ಲ.

ಒಲವಿನ ಬಗ್ಗೆ ಮಾತಾಡಲು ಮೂಳೆಗಿಂತ ಜಾಸ್ತಿ ಬೇಕು. ಚಿತ್ರ ಬೇಕು, ಬರಹ ಬೇಕು. ಈಜಿಪ್ಟಿನ ಸಕ್ಕಾರಾದಲ್ಲಿ 1964ರಲ್ಲಿ ಸಿಕ್ಕ ಒಂದು ಗೋರಿ ಅಂಥದ್ದು. ಕ್ರಿಸ್ತಪೂರ್ವ 2400ರ ಸುಮಾರಿನದು. ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೊಟೆಪ್ ಅನ್ನುವ ಇಬ್ಬರು ಗಂಡಸರ ಜಂಟಿ ಗೋರಿ. ಅರಸನ ಉಗುರು ಕತ್ತರಿಸುವವರ ಮೇಲ್ವಿಚಾರಕರು. ಗೋಡೆಯ ಮೇಲೆ ಇಬ್ಬರೂ ಅಪ್ಪಿಕೊಂಡಿದ್ದಾರೆ, ಮೂಗಿಗೆ ಮೂಗು ತಾಗುತ್ತಿದೆ. ಆ ಕಾಲದ ಗೋರಿಗಳಲ್ಲಿ ಗಂಡ ಹೆಂಡತಿಯನ್ನು ತೋರಿಸುವ ಬಗೆ ಅದು. ಅದೇ ಗೋಡೆಗಳ ಮೇಲೆ ಇಬ್ಬರ ಹೆಂಡತಿ ಮಕ್ಕಳೂ ಇದ್ದಾರೆ. ಅವಳಿಗಳು ಅನ್ನುವವರಿದ್ದಾರೆ, ಪ್ರೇಮಿಗಳು ಅನ್ನುವವರಿದ್ದಾರೆ, ದೇಹ ಅಂಟಿಕೊಂಡು ಹುಟ್ಟಿದವರು ಅಂದವರೂ ಇದ್ದಾರೆ. ಹೆಂಡತಿ ಮಕ್ಕಳಿದ್ದರು ಅನ್ನುವುದನ್ನು ಪ್ರೇಮಕ್ಕೆ ವಿರುದ್ಧದ ಸಾಕ್ಷಿಯಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮದುವೆಯಾಗಿ ಮಕ್ಕಳಿದ್ದೂ ಬೇರೆಯವರನ್ನು ಪ್ರೀತಿಸಿದವರು ಎಲ್ಲ ಕಾಲದಲ್ಲೂ ಇದ್ದರು. ಅವಳಿಗಳು ಅನ್ನುವುದಕ್ಕೂ ಗೋಡೆಯ ಮೇಲೆ ನೇರ ಬರಹ ಇಲ್ಲ. ಇಲ್ಲಿ ಕನಿಷ್ಠ ವಾದ ಮಾಡಲು ಸಾಮಗ್ರಿ ಇದೆ. ಮೊಡೆನಾದಲ್ಲಿ ಇರುವುದು ಎರಡು ಕೈ ಅಷ್ಟೇ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಆ ಇಬ್ಬರೂ ಪ್ರೇಮಿಗಳಾಗಿದ್ದಿರಬಹುದು, ಬಂಧುಗಳಾಗಿದ್ದಿರಬಹುದು. ಅವರನ್ನು ಹೂತವರಿಗೆ ಇವರು ಒಬ್ಬರಿಗೊಬ್ಬರು ಬೇಕಾದವರು ಅಂತ ಗೊತ್ತಿತ್ತು. ಅಷ್ಟು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ.

ಈಗ ನಿಮ್ಮ ಸ್ನೇಹಿತನ ಮಾತು. ಮೂಳೆ ಎರಡೇ ಉತ್ತರ ಕೊಡುತ್ತದೆ ಅನ್ನುವುದು ಮೂಳೆಯ ಮಟ್ಟಕ್ಕೂ ನಿಜವಲ್ಲ. ನಮ್ಮ ಅಂಕಪಟ್ಟಿಯಲ್ಲಿ 3 ಇರುವುದೇ ಅದಕ್ಕೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ 1779ರಲ್ಲಿ ಸತ್ತ ಪೋಲೆಂಡ್ ಮೂಲದ ಸೇನಾಪತಿ ಕಾಜಿಮಿಯೆರ್ಜ್ ಪುಲಾಸ್ಕಿಯನ್ನು ತೆಗೆದುಕೊಳ್ಳಿ. ಗಂಡುಮಗು ಅಂತ ದೀಕ್ಷೆ ಕೊಟ್ಟು ಹೆಸರಿಟ್ಟಿದ್ದರು, ಗಂಡಸಾಗಿ ಬದುಕಿದ, ಕುದುರೆ ಪಡೆಯನ್ನು ಮುನ್ನಡೆಸಿದ. ಅವನದೆಂದು ಗುರುತಿಸಿದ ಅಸ್ಥಿಪಂಜರದ ಸೊಂಟ ಹೆಣ್ಣಿನದರಂತೆ ಇದೆ. ಬಂಧುವಿನ ಡಿಎನ್‌ಎ ಹೋಲಿಸಿ ಅದು ಅವನದೇ ಅಂದ ಸಂಶೋಧಕರು, ಅವನು ಅಂತರ್ಲಿಂಗಿ (ಗಂಡು ಹೆಣ್ಣು ಎರಡರ ದೇಹಲಕ್ಷಣವೂ ಇರುವವನು) ಆಗಿದ್ದಿರಬಹುದು ಅಂತ 2019ರಲ್ಲಿ ಹೇಳಿದರು. ಹೆಸರಿಲ್ಲದ ಗುಂಡಿಯಲ್ಲಿ ಸಿಕ್ಕಿದ್ದರೆ ಮೂಳೆ ನೋಡಿದವರು ಹೆಣ್ಣು ಅಂತ ಬರೆದು ಮುಗಿಸುತ್ತಿದ್ದರು.

ಫಿನ್ಲೆಂಡಿನ ಸುವೊಂತಾಕಾದಲ್ಲಿ 1968ರಲ್ಲಿ ನೀರಿನ ಕೊಳವೆ ಹಾಕಲು ಅಗೆದಾಗ ಒಂದು ಮಧ್ಯಯುಗದ ಸಮಾಧಿ ಸಿಕ್ಕಿತು. ಹೆಂಗಸರ ಉಡುಪಿನ ಪಿನ್ನುಗಳು ಇದ್ದವು, ಜೊತೆಗೆ ಕತ್ತಿ. ಇಬ್ಬರನ್ನು ಹೂತಿದ್ದಾರೆ, ಒಂದು ಗಂಡು ಒಂದು ಹೆಣ್ಣು ಅಂತ ಕೆಲವರು ವಿವರಿಸಿದ್ದರು. 2021ರ ಅಧ್ಯಯನ ಅಲ್ಲಿ ಇದ್ದದ್ದು ಒಬ್ಬರೇ ಅಂದಿತು. ಸಿಕ್ಕ ಡಿಎನ್‌ಎ ತೀರಾ ಕಡಿಮೆ. ಆದರೆ ಅದರ ಲೆಕ್ಕ ಹೇಳುವುದು ಎರಡು ಎಕ್ಸ್ ಮತ್ತು ಒಂದು ವೈ ಇದ್ದಿರುವ ಸಾಧ್ಯತೆಯೇ ಹೆಚ್ಚು ಅಂತ. ಊರವರಿಗೆ ವರ್ಣತಂತು ಕಾಣುವುದಿಲ್ಲ. ಅವರಿಗೆ ಕಂಡದ್ದು ಒಬ್ಬ ಮನುಷ್ಯ. ಆ ಮನುಷ್ಯನನ್ನು ಗೌರವದಿಂದ, ಗರಿ ಮತ್ತು ತುಪ್ಪಳದ ಹಾಸಿಗೆಯಲ್ಲಿ, ಹೆಂಗಸಿನ ಉಡುಪಿನಲ್ಲಿ, ಪಕ್ಕದಲ್ಲಿ ಕತ್ತಿಯಿಟ್ಟು ಮಲಗಿಸಿದ್ದಾರೆ.

ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಾದ ಚುಮಾಶ್ ಜನರ ಸಮಾಧಿಗಳನ್ನು ಓದಿದ ಸಾಂಡ್ರಾ ಹಾಲಿಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆ ಜನರಲ್ಲಿ ಶವಸಂಸ್ಕಾರ ಮಾಡುವವರಿಗೆ ‘ಅಕಿ’ ಅನ್ನುತ್ತಿದ್ದರು. ಅವರಲ್ಲಿ ಗಂಡು ದೇಹದ, ಆದರೆ ಗಂಡಸರ ಸಾಲಿಗೆ ಸೇರದವರೂ ಇದ್ದರು. ಅವರ ಕೆಲಸದ ಸಾಮಾನು ಅಗೆಯುವ ಕೋಲು ಮತ್ತು ಬುಟ್ಟಿ. ಎರಡೂ ಇದ್ದ ಇಬ್ಬರು ಯುವಕರ ಸಮಾಧಿಗಳನ್ನು ಆಕೆ ಗುರುತಿಸಿದರು. ಅವರ ಬೆನ್ನುಮೂಳೆ ಅಗೆಯುವ ಕೋಲು ಹಿಡಿದು ದುಡಿದ ಹೆಂಗಸರ ಬೆನ್ನಿನ ಹಾಗೆಯೇ ಸವೆದಿತ್ತು. ಅಂದರೆ ಬದುಕಿದ ಬಗೆ ಕೆಲವೊಮ್ಮೆ ಮೂಳೆಯಲ್ಲೂ ಉಳಿಯುತ್ತದೆ, ನೋಡುವವರಿಗೆ ಏನು ಹುಡುಕಬೇಕು ಅಂತ ಗೊತ್ತಿರಬೇಕು ಅಷ್ಟೇ. ಇಲ್ಲಿ ಗೊತ್ತಾದದ್ದು ಆ ಜನರ ನೆನಪುಗಳನ್ನು ಯಾರೋ ಬರೆದಿಟ್ಟಿದ್ದರಿಂದ.

ಸ್ನೇಹಿತನಿಗೆ ಹೇಳಲು ಇನ್ನೊಬ್ಬರ ಕಥೆ ಕೊಡುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಜೂನಿ ಜನರಲ್ಲಿ ವೇವಾ ಅನ್ನುವವರಿದ್ದರು. ಹುಟ್ಟಿದ್ದು 1849ರಲ್ಲಿ, ಗಂಡು ದೇಹದಲ್ಲಿ. ಬದುಕಿದ್ದು ಹೆಂಗಸಿನ ಉಡುಪಿನಲ್ಲಿ, ಜೂನಿಗಳು ‘ಲ್ಹಮನ’ ಅಂತ ಕರೆಯುವ, ಎರಡರ ನಡುವಿನ ಜಾಗದಲ್ಲಿ. ಮಡಕೆ ಮಾಡುವುದರಲ್ಲಿ, ನೇಯುವುದರಲ್ಲಿ ಒಳ್ಳೆಯ ಕೈ. 1886ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್‌ರನ್ನು ಭೇಟಿಯಾಗಿ ಬಂದರು. ಅಲ್ಲಿನವರು ಹೆಂಗಸು ಅಂತಲೇ ತಿಳಿದಿದ್ದರು. 1896ರಲ್ಲಿ ತೀರಿಕೊಂಡಾಗ ಮಟಿಲ್ಡಾ ಕಾಕ್ಸ್ ಸ್ಟೀವನ್ಸನ್ ಅನ್ನುವ ಸಂಶೋಧಕಿ ನಡೆದದ್ದನ್ನು ಬರೆದಿಟ್ಟರು. ದೇಹ ತೊಳೆದ ಮೇಲೆ ಕಾಲಿಗೆ ಒಂದು ಬಿಳಿ ಹತ್ತಿಯ ಷರಾಯಿ ಏರಿಸಿದರಂತೆ. ಹೆಂಗಸಿನ ಉಡುಪು ತೊಡಲು ಶುರುಮಾಡಿದ ಮೇಲೆ ವೇವಾ ತೊಟ್ಟ ಮೊದಲ ಗಂಡಸಿನ ಬಟ್ಟೆ ಅದು. ಉಳಿದ ಉಡುಪೆಲ್ಲ ಹೆಂಗಸಿನದೇ.

ಬಟ್ಟೆ ಮಣ್ಣಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ನಿಮ್ಮ ಸ್ನೇಹಿತ ಹೇಳಿದ ಹಾಗೆ ಸಾವಿರ ವರ್ಷ ಬಿಟ್ಟು ಯಾರಾದರೂ ನೋಡಿದರೆ ಎತ್ತರದ ಒಂದು ಅಸ್ಥಿಪಂಜರ ಇರುತ್ತದೆ, ‘ಗಂಡು’ ಅಂತ ಬರೆಯುತ್ತಾರೆ. ಬರೆದದ್ದು ಸುಳ್ಳಲ್ಲ. ವೇವಾ ಅವರನ್ನು ಹೂತವರಿಗೂ ಆ ದೇಹ ಯಾವುದು ಅಂತ ಗೊತ್ತಿತ್ತು. ಅದಕ್ಕೇ ಷರಾಯಿ ತೊಡಿಸಿದರು. ಗೊತ್ತಿದ್ದೂ ಅದರ ಮೇಲೆ ಹೆಂಗಸಿನ ಉಡುಪು ತೊಡಿಸಿದರು.